ಗೆರೆ ಎಳೆದವರು ಯಾರು, ಗಂಟು ಹಿಡಿದವರು ಯಾರು?

(ಪಕ್ಷದ ಅಧ್ಯಯನ ವರ್ಗದಲ್ಲಿ ಮಾಡಿದ ಭಾಷಣ)

‘ಏಕಾತ್ಮಕ ರಾಜ್ಯದಲ್ಲಿ ಪ್ರಾಂತ, ಜಿಲ್ಲೆ, ಪೌರಸಭೆಗಳು’ ಎಂದು ಬಾಗಿಲ ಹತ್ತಿರ ಹಲಗೆಯ ಮೇಲೆ ಬರೆದದ್ದನ್ನು ಓದಿ, ಇದು ಕಾಲೇಜು ಹುಡುಗರ ಪರೀಕ್ಷೆಯ ಪ್ರಶ್ನೆಯಾಯಿತಲ್ಲ ಎಂದು ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಪಾಳಿ ಮುಗಿಸಿ ಮೈಕೈಗೆಲ್ಲ ಹತ್ತಿಯ ಧೂಳು ಮೆತ್ತಿಕೊಂಡು ಬಂದವರಿಗೆ, ಅಂಗಡಿಯ ಬಾಗಿಲು ಹಾಕಿ ದಿನದ ಲೆಕ್ಕ ಇನ್ನೂ ಬರೆಯಬೇಕಾಗಿರುವವರಿಗೆ ನಕಾಶೆಯ ಪಾಠ ಯಾಕೆ ಬೇಕು?

ಬೇಕು ಎಂಬುದೇ ನಮ್ಮ ಮಾತು. ಓಣಿಯ ನಳಕ್ಕೆ ನೀರು ಬರುವ ಹೊತ್ತು, ಗಟಾರ ಎತ್ತುವ ದಿನ, ಸಂತೆಯ ಕಟ್ಟೆಗೆ ಕೊಡುವ ಬಾಡಿಗೆ, ಶಾಲೆಯ ಮಾಡು ಸೋರುವುದನ್ನು ನಿಲ್ಲಿಸುವ ರೊಕ್ಕ, ಇವೆಲ್ಲವನ್ನೂ ಎಲ್ಲೋ ಒಂದು ಕಡೆ ಯಾರೋ ಒಬ್ಬರು ನಿರ್ಧರಿಸುತ್ತಾರೆ. ಅವರು ನಮ್ಮ ಊರಿನಲ್ಲಿ ಕುಳಿತಿದ್ದಾರೆಯೇ, ನೂರಾರು ಮೈಲಿ ದೂರ ಕುಳಿತಿದ್ದಾರೆಯೇ? ಅವರನ್ನು ನಾವು ಆರಿಸಿದೆವೇ, ಮೇಲಿನಿಂದ ಯಾರೋ ಕಳಿಸಿದರೇ? ದೇಶವನ್ನು ಭಾಗ ಮಾಡುವ ಕ್ರಮದಲ್ಲಿ ಈ ಪ್ರಶ್ನೆಯೇ ಅಡಗಿದೆ.

ಮೊದಲು ಶಬ್ದದ ಅರ್ಥ ತಿಳಿದುಕೊಳ್ಳೋಣ. ನಮ್ಮ ದೇಶದಲ್ಲಿ ರಾಜ್ಯಗಳು ಯಾವ ವಿಷಯದಲ್ಲಿ ಕಾಯಿದೆ ಮಾಡಬಹುದು ಎಂಬ ಪಟ್ಟಿ ಸಂವಿಧಾನದಲ್ಲಿಯೇ ಬರೆದಿದೆ. ಏಕಾತ್ಮಕ ರಾಜ್ಯದಲ್ಲಿ ಹಾಗಿಲ್ಲ. ಅಲ್ಲಿ ಕಾಯಿದೆ ಮಾಡುವ ಅಧಿಕಾರವೆಲ್ಲ ಒಂದೇ ಪಾರ್ಲಿಮೆಂಟಿನದು. ಕೆಳಗಿನ ಪ್ರಾಂತ, ಜಿಲ್ಲೆ, ಪೌರಸಭೆಗಳಿಗೆ ಇರುವುದೆಲ್ಲ ಆ ಪಾರ್ಲಿಮೆಂಟು ಕಾಯಿದೆಯಿಂದ ಕೊಟ್ಟದ್ದು, ಇನ್ನೊಂದು ಕಾಯಿದೆಯಿಂದ ಹೆಚ್ಚು ಕಡಿಮೆ ಮಾಡಬಹುದಾದದ್ದು. ಸ್ವಂತ ಮನೆಯಲ್ಲಿರುವವನಿಗೂ ಬಾಡಿಗೆ ಮನೆಯಲ್ಲಿರುವವನಿಗೂ ಇರುವ ಅಂತರವೆಂದು ತಿಳಿಯಿರಿ.

ಇಂಥ ದೇಶಗಳಲ್ಲಿ ಫ್ರಾನ್ಸನ್ನು ಉದಾಹರಣೆಗೆ ತೆಗೆದುಕೊಂಡಿದ್ದೇವೆ. ಜನಸಂಖ್ಯೆ ಸುಮಾರು 6.8 ಕೋಟಿ, ಹೆಚ್ಚುಕಡಿಮೆ ನಮ್ಮ ಕರ್ನಾಟಕದಷ್ಟೇ. ಇಷ್ಟು ಜನರ ದೇಶದಲ್ಲಿ ಇಂದು 18 ಪ್ರಾಂತಗಳು, 101 ಜಿಲ್ಲೆಗಳು, ಸುಮಾರು 35,000 ಪೌರಸಭೆಗಳು ಇವೆ. 18 ಪ್ರಾಂತಗಳಲ್ಲಿ 13 ಯೂರೋಪಿನಲ್ಲಿವೆ, 5 ಕಡಲಾಚೆ ಇವೆ. ಜಿಲ್ಲೆಗೆ ಅವರು ‘ದೆಪಾರ್ತಮಾನ್’ ಎನ್ನುತ್ತಾರೆ, ಪೌರಸಭೆಗೆ ‘ಕೊಮ್ಯೂನ್’. ಪ್ಯಾರಿಸ್ ನಗರವೂ ಒಂದು ಕೊಮ್ಯೂನ್, ನೂರು ಜನರ ಹಳ್ಳಿಯೂ ಒಂದು ಕೊಮ್ಯೂನ್. ಅರ್ಧಕ್ಕಿಂತ ಹೆಚ್ಚಿನ ಕೊಮ್ಯೂನುಗಳಲ್ಲಿ ಐನೂರು ಜನರೂ ಇಲ್ಲ. ಆದರೂ ಪ್ರತಿಯೊಂದಕ್ಕೂ ಆರಿಸಿ ಬಂದ ಸಭೆ ಇದೆ, ಮೇಯರರಿದ್ದಾರೆ.

ಈ ಕೊಮ್ಯೂನ್ ಎಂಬ ಶಬ್ದ ನಮ್ಮ ದೇಶಕ್ಕೆ ತೀರ ಹೊಸದಲ್ಲ. ಪುದುಚೇರಿ, ಕಾರೈಕಾಲುಗಳಲ್ಲಿ ಫ್ರೆಂಚರು ಕೊಮ್ಯೂನುಗಳನ್ನು ಮಾಡಿದ್ದರು. 1954ರ ಅಕ್ಟೋಬರ್ 18ರಂದು ಕೀಳೂರಿನಲ್ಲಿ ಸೇರಿ, ಭಾರತದೊಡನೆ ಕೂಡಬೇಕೋ ಬೇಡವೋ ಎಂದು ಮತ ಹಾಕಿದ 178 ಪ್ರತಿನಿಧಿಗಳಲ್ಲಿ ಪೌರಸಭೆಗಳ ಸದಸ್ಯರೂ ಇದ್ದರು. 170 ಮತಗಳು ಕೂಡಬೇಕೆಂದು ಬಿದ್ದವು. ಗಟಾರ, ದೀಪ ನೋಡಿಕೊಳ್ಳಲಿಕ್ಕೆಂದು ಆರಿಸಿದವರೇ ಹೊತ್ತು ಬಂದಾಗ ದೇಶದ ಹಣೆಬರಹಕ್ಕೂ ಮತ ಹಾಕಿದರು. ಪುದುಚೇರಿಯ ಕಡೆ ಕೊಮ್ಯೂನ್ ಪಂಚಾಯಿತಿ ಎಂಬ ಹೆಸರು ಇನ್ನೂ ಉಳಿದಿದೆ.

ಇನ್ನು ಫ್ರಾನ್ಸಿನ ಗೆರೆಗಳ ಕಥೆಗೆ ಬರೋಣ.

1789ಕ್ಕಿಂತ ಹಿಂದೆ ಆ ದೇಶ ಹಳೆಯ ಸೀಮೆಗಳ ಒಂದು ಕಂತೆಯಾಗಿತ್ತು. ಒಂದೊಂದು ಸೀಮೆಗೆ ಒಂದೊಂದು ಕಟ್ಟಳೆ, ಒಂದೊಂದು ಅಳತೆ. ಸರಕು ಸೀಮೆಯಿಂದ ಸೀಮೆಗೆ ಹೋಗಬೇಕಾದರೆ ನಡುವೆ ಸುಂಕದ ಕಟ್ಟೆ. ಉಪ್ಪಿನ ಕರ ಬ್ರಿಟನಿ ಎಂಬ ಸೀಮೆಯಲ್ಲಿ ಇರಲಿಲ್ಲ, ಪಕ್ಕದ ಸೀಮೆಯಲ್ಲಿ ಜೀವ ಹಿಂಡುವಷ್ಟಿತ್ತು. ಒಂದು ಹೊಳೆ ದಾಟಿ ಉಪ್ಪು ತಂದ ಬಡವ ಕಳ್ಳನಾಗುತ್ತಿದ್ದ. ಉಪ್ಪಿನ ಮೇಲಿನ ಕರ ಎಂದರೇನೆಂದು ಈ ದೇಶದವರಿಗೆ ಹೇಳಿಕೊಡಬೇಕಾಗಿಲ್ಲ.

ಕ್ರಾಂತಿ ಬಂತು. ಉಪ್ಪಿನ ಕರ ಹೋಯಿತು, ಒಳನಾಡಿನ ಸುಂಕದ ಕಟ್ಟೆಗಳು ಹೋದವು, ಸೀಮೆಗಳನ್ನೂ ಅಳಿಸಿದರು. 1790ರಲ್ಲಿ ದೇಶವನ್ನು 83 ಜಿಲ್ಲೆಗಳಾಗಿ ಹಂಚಿದರು. ದೊರೆಗಳ, ಮನೆತನಗಳ ನೆನಪು ಉಳಿಯಬಾರದೆಂದು ಹೊಳೆಗಳ, ಬೆಟ್ಟಗಳ ಹೆಸರಿಟ್ಟರು. ಜಿಲ್ಲೆಯ ಯಾವ ಮೂಲೆಯಲ್ಲಿದ್ದವನಿಗೂ ಮುಖ್ಯ ಪಟ್ಟಣ ಒಂದು ದಿನದ ಪ್ರಯಾಣದೊಳಗೆ ಇರಬೇಕು ಎಂಬುದು ಅವರ ಲೆಕ್ಕ. ಪ್ರತಿ ಊರಿಗೂ ಪೌರಸಭೆ, ಅದಕ್ಕೆ ಚುನಾವಣೆ. ಕರ ಕೊಡುವ ಗಂಡಸರಿಗೆ ಮಾತ್ರ ಮತವಿತ್ತು ಎಂಬುದನ್ನು ಮರೆಯಕೂಡದು. ಆದರೂ ಆ ಕಾಲಕ್ಕೆ ಅದು ದೊಡ್ಡ ಮಾತು.

ಹತ್ತೇ ವರ್ಷ. 1800ರ ಫೆಬ್ರವರಿಯಲ್ಲಿ ನೆಪೋಲಿಯನ್ ಹೊಸ ಕಾಯಿದೆ ತಂದ. ಜಿಲ್ಲೆಗಳ ಗೆರೆಗಳನ್ನು ಹಾಗೆಯೇ ಉಳಿಸಿದ, ಗೆರೆಯೊಳಗೆ ಕುಳಿತ ಮನುಷ್ಯನನ್ನು ಬದಲಿಸಿದ. ಪ್ರತಿ ಜಿಲ್ಲೆಗೂ ಪ್ಯಾರಿಸಿನಿಂದ ಒಬ್ಬ ‘ಪ್ರಿಫೆಕ್ಟ್’ ಬಂದ. ಇಂಗ್ಲಿಷರ ಕಾಲದ ನಮ್ಮ ಕಲೆಕ್ಟರರನ್ನು ನೆನೆದುಕೊಳ್ಳಿರಿ, ಸಾಕು. ಅವನ ಕೈಕೆಳಗೆ ಉಪಪ್ರಿಫೆಕ್ಟ್. ಮೇಯರರನ್ನು ಕೂಡ ಆರಿಸುವುದು ನಿಂತುಹೋಯಿತು. ದೊಡ್ಡ ಊರಿನ ಮೇಯರನನ್ನು ನೆಪೋಲಿಯನ್ನನೇ ನೇಮಿಸಿದ, ಸಣ್ಣ ಊರಿನವನನ್ನು ಪ್ರಿಫೆಕ್ಟ್ ನೇಮಿಸಿದ. ನಕಾಶೆಯನ್ನು ನೋಡಿದವನಿಗೆ 1790ಕ್ಕೂ 1800ಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಂದರಲ್ಲಿ ಅಧಿಕಾರ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು, ಇನ್ನೊಂದರಲ್ಲಿ ಅಪ್ಪಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಇಂದಿನ ಪಾಠದಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು.

ಮೇಯರರನ್ನು ಆರಿಸುವ ಹಕ್ಕು ಊರಿಗೆ ಸ್ಥಿರವಾಗಿ ಮರಳಿ ಬರಲು ಎಂಬತ್ತು ವರ್ಷ ಹಿಡಿಯಿತು. 1882ರಲ್ಲಿ ಆ ಹಕ್ಕು ಪೌರಸಭೆಗಳಿಗೆ ಸಿಕ್ಕಿತು, 1884ರ ಏಪ್ರಿಲಿನಲ್ಲಿ ಪೌರಸಭೆಗಳ ದೊಡ್ಡ ಕಾಯಿದೆ ಬಂತು. ಪ್ಯಾರಿಸಿಗೆ ಮಾತ್ರ ಸಿಗಲಿಲ್ಲ. 1871ರ ವಸಂತದಲ್ಲಿ ಪ್ಯಾರಿಸಿನ ಕೂಲಿಕಾರರು, ಕುಶಲಕರ್ಮಿಗಳು ತಮ್ಮ ಕೊಮ್ಯೂನನ್ನು ತಾವೇ ಆಳಿಕೊಂಡು, ಮೇ ತಿಂಗಳ ಕೊನೆಯಲ್ಲಿ ಗುಂಡಿಗೆ ಬಲಿಯಾದ ಕಥೆ ನಿಮಗೆಲ್ಲ ಗೊತ್ತು. ಆ ಹೆದರಿಕೆ ಆಳುವವರ ಎದೆಯಿಂದ ನೂರು ವರ್ಷ ಹೋಗಲಿಲ್ಲ. 1977ರವರೆಗೆ ಪ್ಯಾರಿಸ್ ನಗರಕ್ಕೆ ಸ್ವಂತ ಮೇಯರರೇ ಇರಲಿಲ್ಲ, ಪ್ರಿಫೆಕ್ಟರೇ ನಡೆಸಿದರು.

ಈಗ ನಿಮ್ಮಂಥವರ ಊರೊಂದಕ್ಕೆ ಹೋಗೋಣ. ಫ್ರಾನ್ಸಿನ ಉತ್ತರದಲ್ಲಿ, ಬೆಲ್ಜಿಯಮ್ಮಿನ ಗಡಿಯ ಹತ್ತಿರ ರೂಬೇ ಎಂಬ ಪಟ್ಟಣವಿದೆ. ಉಣ್ಣೆಯ ಗಿರಣಿಗಳ ಊರು. 1892ರ ಚುನಾವಣೆಯಲ್ಲಿ ಆ ಊರಿನ ಕೂಲಿಕಾರರು ಪೌರಸಭೆಯನ್ನು ಗಿರಣಿ ಮಾಲೀಕರ ಕೈಯಿಂದ ಬಿಡಿಸಿಕೊಂಡರು. ಮೇಯರರಾದವರು ಆಂರಿ ಕಾರೆತ್ ಎಂಬವರು, ಮೊದಲು ನೇಕಾರ, ಆಮೇಲೆ ಸಣ್ಣದೊಂದು ಪಾನದಂಗಡಿ ಇಟ್ಟವರು. ಈ ಸಭೆಯಲ್ಲಿ ಗಿರಣಿಯವರೂ ಅಂಗಡಿಯವರೂ ಕೂಡಿ ಕುಳಿತಿದ್ದೀರಿ. ಆ ಮನುಷ್ಯ ಎರಡೂ ಆಗಿದ್ದರು.

ಅವರು ಮೊದಲು ಮಾಡಿದ್ದು ಏನು? ಶಾಲೆಯ ಮಕ್ಕಳಿಗೆ ಪೌರಸಭೆಯಿಂದ ಊಟ. ತಾಯಿ ತಂದೆ ಇಬ್ಬರೂ ಮಗ್ಗದ ಮುಂದೆ ನಿಂತಿರುವ ಊರಿನಲ್ಲಿ ಮಧ್ಯಾಹ್ನ ಮಗುವಿಗೆ ಬಿಸಿ ಊಟ ಎಂದರೆ ಏನೆಂದು ಹೇಳಬೇಕಾಗಿಲ್ಲ. ಅದರ ಮುಂದೆ, ಪೌರಸಭೆಯೇ ಔಷಧದ ಅಂಗಡಿ ತೆರೆದು ಅಗ್ಗದ ದರದಲ್ಲಿ ಔಷಧ ಕೊಡಬೇಕೆಂದು ಹೊರಟರು. ಇಲ್ಲಿ ಗೋಡೆಗೆ ತಲೆ ಬಡಿಯಿತು. ಸರಕಾರ ಒಪ್ಪಿಗೆ ಕೊಡಲಿಲ್ಲ. ಊರು ಆರಿಸಿದ ಸಭೆ ಊರಿನ ರೊಕ್ಕದಿಂದ ಊರಿನ ರೋಗಿಗಳಿಗೆ ಮಾಡಹೊರಟ ಕೆಲಸ, ಬೇಡವೆಂದದ್ದು ಊರು ಆರಿಸದ ಕಛೇರಿ. 1884ರ ಕಾಯಿದೆ ಮೇಯರರನ್ನು ಆರಿಸಲು ಬಿಟ್ಟಿತ್ತು. ಆದರೆ ಅವರನ್ನು ಒಂದು ತಿಂಗಳು ಅಮಾನತಿನಲ್ಲಿಡುವ ಅಧಿಕಾರ ಪ್ರಿಫೆಕ್ಟನಿಗಿತ್ತು, ತೆಗೆದೇಹಾಕುವ ಅಧಿಕಾರ ದೇಶದ ಅಧ್ಯಕ್ಷನಿಗಿತ್ತು. ಕುದುರೆ ಕೊಟ್ಟು ಲಗಾಮು ತಾವೇ ಹಿಡಿದುಕೊಂಡರೆಂದರೆ ಹೀಗೆ.

ಅಂಗಡಿಕಾರ ಮಿತ್ರರು ಒಂದು ಮಾತು ಕೇಳಬಹುದು. ‘ಪೌರಸಭೆ ಔಷಧ ಮಾರಿದರೆ ಔಷಧದಂಗಡಿಯವನು ಎಲ್ಲಿಗೆ ಹೋಗಬೇಕು?’ ಇದು ಸುಳ್ಳು ಪ್ರಶ್ನೆಯಲ್ಲ, ನಾವು ತಪ್ಪಿಸಿಕೊಳ್ಳುವುದೂ ಇಲ್ಲ. ಮೊದಲ ಮಹಾಯುದ್ಧದ ನಂತರ ಬೆಲೆ ಏರಿದಾಗ ನೆವೇರ್ ಎಂಬ ಪಟ್ಟಣದ ಪೌರಸಭೆ ತಾನೇ ದಿನಸಿ ಮಾರತೊಡಗಿತು. ಊರಿನ ಚಿಲ್ಲರೆ ವ್ಯಾಪಾರಿಗಳ ಸಂಘ ದಾವೆ ಹೂಡಿತು. 1930ರ ಮೇ 30ರಂದು ಪ್ಯಾರಿಸಿನ ‘ಕೌನ್ಸಿಲ್ ಆಫ್ ಸ್ಟೇಟ್’ ಎಂಬ ಉಚ್ಚ ಆಡಳಿತ ನ್ಯಾಯಾಲಯ ವ್ಯಾಪಾರಿಗಳ ಪರ ತೀರ್ಪು ಕೊಟ್ಟಿತು. ವ್ಯಾಪಾರ ಖಾಸಗಿಯವರ ಕೆಲಸ, ಸ್ಥಳೀಯವಾಗಿ ವಿಶೇಷ ಕಾರಣವಿದ್ದರೆ ಮಾತ್ರ ಪೌರಸಭೆ ಕೈ ಹಾಕಬಹುದು ಎಂದಿತು.

ಬೆಲೆ ಏರಿದಾಗ ಕೂಲಿಯ ಮನೆ ಉಪವಾಸ ಬೀಳುವುದೂ ನಿಜ, ಪೌರಸಭೆ ಅಂಗಡಿ ತೆರೆದರೆ ಸಣ್ಣ ವ್ಯಾಪಾರಿಗೆ ಪೆಟ್ಟು ಬೀಳುವುದೂ ನಿಜ. ಇವರಿಬ್ಬರ ನಡುವಿನ ವ್ಯಾಜ್ಯ ಎಲ್ಲಿ ತೀರಬೇಕು? ನಮ್ಮ ಅಭಿಪ್ರಾಯದಲ್ಲಿ, ಇಬ್ಬರೂ ಮತ ಹಾಕಿ ಆರಿಸಿದ ಊರಿನ ಸಭೆಯಲ್ಲಿ. ಅಲ್ಲಿ ಗಿರಣಿಯವನಿಗೆ ಅಂಗಡಿಯವನ ಸಾಲದ ಪುಸ್ತಕ ಗೊತ್ತು, ಅಂಗಡಿಯವನಿಗೆ ಗಿರಣಿಯವನ ಪಗಾರದ ದಿನ ಗೊತ್ತು. ದೂರದ ಕಛೇರಿ ಇವತ್ತು ಒಬ್ಬನ ಪರ ತೀರ್ಪು ಕೊಟ್ಟರೆ ನಾಳೆ ಇನ್ನೊಬ್ಬನ ಪರ ಕೊಟ್ಟೀತು. ಅದಕ್ಕೆ ಇಬ್ಬರ ಮುಖವೂ ಗೊತ್ತಿಲ್ಲ.

ಇನ್ನು ಪ್ರಾಂತಗಳ ಮಾತು. 1956ರಲ್ಲಿ ಪ್ಯಾರಿಸಿನ ಯೋಜನೆಯ ಅಧಿಕಾರಿಗಳು ಜಿಲ್ಲೆಗಳನ್ನು ಗುಂಪು ಕಟ್ಟಿ ಪ್ರಾಂತಗಳ ಗೆರೆ ಎಳೆದರು. ಅದೇ ವರ್ಷ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ನಮ್ಮ ಗೆರೆಗಳನ್ನು ಎಳೆಸಿದ್ದು ಜನರ ಮಾತು, ಜನರ ಚಳವಳಿ. ಅವರ ಗೆರೆಗಳನ್ನು ಎಳೆದದ್ದು ಮೇಜಿನ ಮೇಲಿನ ಅಳತೆಪಟ್ಟಿ. ಬ್ರಿಟನಿಯ ಹಳೆಯ ಪಟ್ಟಣ ನಾಂತ್ ಬ್ರಿಟನಿ ಪ್ರಾಂತದ ಹೊರಗೆ ಉಳಿಯಿತು, ಇಂದಿಗೂ ಹೊರಗೇ ಇದೆ. ಅದಕ್ಕಾಗಿ ಅಲ್ಲಿಯ ಜನ ಮೆರವಣಿಗೆ ತೆಗೆಯುವುದು ಇನ್ನೂ ನಿಂತಿಲ್ಲ.

1969ರಲ್ಲಿ ಅಧ್ಯಕ್ಷ ದ ಗಾಲ್ ಪ್ರಾಂತಗಳಿಗೆ ರೂಪ ಕೊಡುವ, ಜೊತೆಗೇ ಮೇಲ್ಮನೆಯನ್ನು ಬದಲಿಸುವ ಪ್ರಶ್ನೆಯನ್ನು ಜನಮತಕ್ಕೆ ಹಾಕಿ ಸೋತು, ಮರುದಿನವೇ ಅಧಿಕಾರ ಬಿಟ್ಟು ನಡೆದರು. ಕೊನೆಗೆ ಕೆಲಸವಾದದ್ದು 1981ರಲ್ಲಿ ಸಮಾಜವಾದಿಗಳು ಅಧಿಕಾರಕ್ಕೆ ಬಂದ ಮೇಲೆ. ಮಿತ್ತರಾಂ ಅಧ್ಯಕ್ಷರಾದರು. ಪ್ರಧಾನಿಯಾದ ಪಿಯೇರ್ ಮೋರ್ವಾ ರೂಬೇಯ ಪಕ್ಕದ ಲೀಲ್ ನಗರದ ಮೇಯರರು, ಗೃಹಮಂತ್ರಿಯಾದ ಗಾಸ್ತೋಂ ದಫೇರ್ ಮಾರ್ಸೇಲ್ ನಗರದ ಮೇಯರರು. ಪ್ರಿಫೆಕ್ಟನ ಬಾಗಿಲಲ್ಲಿ ಕಡತ ಹಿಡಿದು ಕಾಯುವುದೆಂದರೇನೆಂದು ಬಲ್ಲವರು. 1982ರ ಮಾರ್ಚ್ 2ರಂದು ಅವರು ತಂದ ಕಾಯಿದೆ ಮೂರು ಕೆಲಸ ಮಾಡಿತು. ಪೌರಸಭೆಯ ನಿರ್ಣಯಕ್ಕೆ ಪ್ರಿಫೆಕ್ಟನ ಪೂರ್ವ ಒಪ್ಪಿಗೆ ಬೇಡವೆಂದಿತು. ನಿರ್ಣಯ ಕಾಯಿದೆಗೆ ವಿರುದ್ಧವೆಂದು ಕಂಡರೆ ಅವನು ಎರಡು ತಿಂಗಳೊಳಗೆ ಆಡಳಿತ ನ್ಯಾಯಾಲಯಕ್ಕೆ ಹೋಗಬಹುದು, ತಾನೇ ರದ್ದು ಮಾಡುವಂತಿಲ್ಲ. ಜಿಲ್ಲೆಯ ಆಡಳಿತವನ್ನು ಪ್ರಿಫೆಕ್ಟನಿಂದ ತೆಗೆದು ಜಿಲ್ಲಾ ಸಭೆ ಆರಿಸಿದ ಅಧ್ಯಕ್ಷರಿಗೆ ಕೊಟ್ಟಿತು. ಪ್ರಾಂತಗಳಿಗೂ ಆರಿಸಿದ ಸಭೆ ಎಂದಿತು; ಮೊದಲ ಚುನಾವಣೆ 1986ರಲ್ಲಿ ಆಯಿತು.

ಅಂದಿನಿಂದ ಕೆಲಸದ ಹಂಚಿಕೆ ಸ್ಥೂಲವಾಗಿ ಹೀಗಿದೆ. ಪ್ರಾಥಮಿಕ ಶಾಲೆಯ ಕಟ್ಟಡ, ಜನನ ಮರಣದ ದಾಖಲೆ, ಊರಿನ ರಸ್ತೆ, ಮನೆ ಕಟ್ಟುವ ಪರವಾನಗಿ ಪೌರಸಭೆಗೆ. ಮಧ್ಯಮ ಶಾಲೆ, ಮುದುಕರ ಅಂಗವಿಕಲರ ನೆರವು, ಜಿಲ್ಲೆಯ ರಸ್ತೆ ಜಿಲ್ಲೆಗೆ. ಪ್ರೌಢಶಾಲೆ, ಕಸುಬಿನ ತರಬೇತಿ, ಪ್ರಾಂತದೊಳಗಿನ ರೈಲು ಪ್ರಾಂತಕ್ಕೆ. ಸಣ್ಣ ಪೌರಸಭೆಗಳಿಗೆ ನೀರು, ಕಸದ ಕೆಲಸ ಒಂಟಿಯಾಗಿ ಆಗುವುದಿಲ್ಲವಾದ್ದರಿಂದ ಹತ್ತಿರದ ಊರುಗಳು ಕೂಡಿ ಒಕ್ಕೂಟ ಮಾಡಿಕೊಂಡಿವೆ. ಪ್ರಿಫೆಕ್ಟ್ ಈಗಲೂ ಇದ್ದಾನೆ, ಪ್ಯಾರಿಸಿನಿಂದಲೇ ಬರುತ್ತಾನೆ. ಆದರೆ ಅವನ ಕೈಯ ಬೆತ್ತ ಸಣ್ಣದಾಗಿದೆ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎಂದೀರಿ. ಮುಗಿಯಲಿಲ್ಲ. ಅಧಿಕಾರ ಕೆಳಗಿಳಿಯಿತು, ಗಂಟು ಮೇಲೇರಿತು. ಕಾರಖಾನೆ, ವ್ಯಾಪಾರಗಳ ಮೇಲೆ ಊರು ಹಾಕುತ್ತಿದ್ದ ಹಳೆಯ ವೃತ್ತಿ ತೆರಿಗೆಯನ್ನು ಪ್ಯಾರಿಸ್ 2010ರಲ್ಲಿ ತೆಗೆಯಿತು. ವಾಸದ ಮನೆಯ ಮೇಲಿನ ನಿವಾಸ ತೆರಿಗೆ 2023ರ ಹೊತ್ತಿಗೆ ಪೂರ್ತಿ ಹೋಯಿತು. 2021ರಲ್ಲಿ ಜಿಲ್ಲೆಗಳ ಪಾಲಿನ ಕಟ್ಟಡದ ತೆರಿಗೆಯನ್ನು ಪೌರಸಭೆಗಳಿಗೆ ಕೊಟ್ಟು, ಜಿಲ್ಲೆಗಳಿಗೆ ದೇಶದ ಮಾರಾಟ ತೆರಿಗೆಯಲ್ಲಿ ಒಂದು ಪಾಲು ಕೊಟ್ಟರು. ತೆರಿಗೆ ತೆಗೆದಾಗ ಜನರಿಗೆ ಸಂತೋಷವಾಗುವುದು ಸಹಜ. ಆದರೆ ತನ್ನ ತೆರಿಗೆಯ ದರ ತಾನು ನಿರ್ಧರಿಸುವ ಸಭೆಗೂ, ವರ್ಷಕ್ಕೊಮ್ಮೆ ಮೇಲಿನಿಂದ ಬರುವ ಪಾಲಿಗೆ ಕಾದು ಕುಳಿತ ಸಭೆಗೂ ಅಂತರವಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅಲ್ಲಿಯೂ ಸಲ್ಲುತ್ತದೆ.

ಗೆರೆಗಳ ವಿಷಯದಲ್ಲಿಯೂ ಹಾಗೆಯೇ. 2016ರ ಜನವರಿ 1ರಂದು ಯೂರೋಪಿನೊಳಗಿನ 22 ಪ್ರಾಂತಗಳನ್ನು ಕೂಡಿಸಿ 13 ಮಾಡಿದರು. ಇದಕ್ಕೆ ಜನಮತ ಕೇಳಲಿಲ್ಲ, ಪಾರ್ಲಿಮೆಂಟಿನ ಒಂದು ಕಾಯಿದೆ ಸಾಕಾಯಿತು. ಜರ್ಮನಿಯ ಗಡಿಯಲ್ಲಿರುವ ಅಲ್ಸಾಸಿನ ಜನ ತಮ್ಮ ಪ್ರಾಂತ ಅಳಿಸಿಹೋಯಿತೆಂದು ಗಲಾಟೆ ಎಬ್ಬಿಸಿದರು. ಅವರ ಎರಡು ಜಿಲ್ಲಾ ಸಭೆಗಳು 2021ರಲ್ಲಿ ಒಂದಾಗಿ ಹೆಚ್ಚಿನ ಕೆಲವು ಅಧಿಕಾರ ಪಡೆದವು. ಪ್ರಾಂತ ಮರಳಿ ಬರಲಿಲ್ಲ. ಬಾಡಿಗೆ ಮನೆ ಎಂದು ನಾವು ಹೇಳಿದ್ದು ಇದಕ್ಕೇ. ಮಾಲೀಕ ನಡುಗೋಡೆ ಒಡೆಯಬೇಕೆಂದರೆ ಒಡೆಯುತ್ತಾನೆ.

ಆದರೂ ಆ ಬಾಡಿಗೆದಾರ ನೂರ ನಲವತ್ತು ವರ್ಷಗಳ ಹಿಂದೆಯೇ ಬರೆಯಿಸಿಕೊಂಡ ಒಂದು ಕರಾರು ಇದೆ. ಪೌರಸಭೆಯನ್ನು ಸರಕಾರ ವಿಸರ್ಜಿಸಿದರೆ ಎರಡು ತಿಂಗಳೊಳಗೆ ಹೊಸ ಚುನಾವಣೆ ಆಗಲೇಬೇಕು. 1884ರ ಕಾಯಿದೆಯ ಮಾತು ಇದು, ಇಂದಿಗೂ ಕಾಯಿದೆಯಲ್ಲಿದೆ.

ಈಗ ನಮ್ಮ ಮನೆಗೆ ಬರೋಣ. ನಮ್ಮದು ಏಕಾತ್ಮಕ ರಾಜ್ಯವಲ್ಲ ಎಂದು ಹೆಮ್ಮೆಪಡುತ್ತೇವೆ. ದಿಲ್ಲಿಗೂ ಬೆಂಗಳೂರಿಗೂ ನಡುವೆ ಅದು ಸರಿ. ಆದರೆ ಬೆಂಗಳೂರಿಗೂ ನಮ್ಮ ಊರಿಗೂ ನಡುವೆ? ಅಲ್ಲಿ ಬೆಂಗಳೂರೇ ಪ್ಯಾರಿಸ್. ಪೌರಸಭೆಯನ್ನು ಹುಟ್ಟಿಸುವ ಕಾಯಿದೆ ರಾಜ್ಯದ್ದು, ಅದರ ಮುಖ್ಯ ಅಧಿಕಾರಿಯನ್ನು ಕಳಿಸುವುದು ರಾಜ್ಯ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ ತಿದ್ದುಪಡಿಗಳು ಪಂಚಾಯಿತಿಗೂ ಪೌರಸಭೆಗೂ ಐದು ವರ್ಷದ ಅವಧಿ ಎಂದವು, ಅವಧಿ ಮುಗಿಯುವ ಮೊದಲೇ ಚುನಾವಣೆ ಎಂದವು. ಆದದ್ದೇನು? 2021ರಲ್ಲಿ ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಿದರು. ಅದೇ ವರ್ಷ ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿಯಿತು. ಹೊಸ ಚುನಾವಣೆ ವರ್ಷಗಟ್ಟಲೆ ಆಗಲಿಲ್ಲ. ಆರಿಸಿದವರ ಕುರ್ಚಿಯ ಕೆಲಸ ಅಧಿಕಾರಿಗಳ ಕೈಗೆ ಹೋಯಿತು. ಗೆರೆ ಹೊಸದು ಬಂತು, ಸಭೆ ಬರಲಿಲ್ಲ. ಸಂವಿಧಾನದಲ್ಲಿ ಬರೆದ ಮಾತೂ ಕೇಳುವವರಿಲ್ಲದಿದ್ದರೆ ಕಾಗದವಾಗಿಯೇ ಉಳಿಯುತ್ತದೆ.

ಲೋಹಿಯಾ ಅವರು ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬದ ರಾಜ್ಯದ ಮಾತನ್ನು ಆಡಿದ್ದು ಇದಕ್ಕಾಗಿಯೇ. ಎರಡು ಕಂಬ ಗಟ್ಟಿಯಾಗಿದ್ದು ಎರಡು ಗೆದ್ದಲು ಹಿಡಿದರೆ ಚಪ್ಪರ ಒಂದೇ ಕಡೆ ವಾಲುತ್ತದೆ.

ಆದ್ದರಿಂದ ಮಿತ್ರರೇ, ಹೊಸ ಜಿಲ್ಲೆ ಬಂತು, ಹೊಸ ತಾಲ್ಲೂಕು ಬಂತು, ಪೌರಸಭೆಗೆ ಬಡ್ತಿ ಬಂತು ಎಂದು ಯಾರಾದರೂ ಹಾರ ತುರಾಯಿ ತಂದಾಗ ನಾಲ್ಕು ಪ್ರಶ್ನೆ ಕೇಳುವುದನ್ನು ಕಲಿಯೋಣ. ಕುರ್ಚಿಯಲ್ಲಿ ಕೂಡುವವರನ್ನು ಆರಿಸುವವರು ಯಾರು? ತೆಗೆಯುವವರು ಯಾರು? ರೊಕ್ಕ ಎಲ್ಲಿಂದ ಬರುತ್ತದೆ, ಅದನ್ನು ನಿಲ್ಲಿಸಬಲ್ಲವರು ಯಾರು? ಮುಂದಿನ ಚುನಾವಣೆಯ ತಾರೀಖು ಯಾವುದು? ನಾಲ್ಕಕ್ಕೂ ಉತ್ತರ ನಮ್ಮ ಊರಿನಲ್ಲೇ ಸಿಕ್ಕರೆ ಹಾರ ಹಾಕೋಣ. ಸಿಗದಿದ್ದರೆ ಅರ್ಜಿ ಬರೆಯೋಣ, ಸಹಿ ಕೂಡಿಸೋಣ. ಸಹಿಯ ಹಾಳೆಯನ್ನು ಗಿರಣಿಯ ಬಾಗಿಲಲ್ಲೂ ಪೇಟೆಯ ಅಂಗಡಿಗಳಲ್ಲೂ ಒಟ್ಟಿಗೇ ಇಡೋಣ.

ರೂಬೇಯ ಗಿರಣಿಗಳು ಇಂದು ಉಳಿದಿಲ್ಲ. ಅಲ್ಲಿಯ ಒಂದು ದೊಡ್ಡ ಗಿರಣಿಯ ಕಟ್ಟಡದಲ್ಲಿ ಈಗ ಕಾರ್ಮಿಕರ ಬದುಕಿನ ಕಾಗದಪತ್ರಗಳನ್ನು ಇಡುವ ರಾಷ್ಟ್ರೀಯ ಭಂಡಾರವಿದೆ. ಗಿರಣಿ ಹೋಯಿತು, ಮಾಲೀಕರು ಹೋದರು. ಆದರೆ ಶಾಲೆಯ ಮಗುವಿಗೆ ಊರೇ ಊಟ ಹಾಕಬೇಕು ಎಂಬ ಮಾತು ಫ್ರಾನ್ಸಿನಲ್ಲಿ ಉಳಿದಿದೆ. ಪ್ರಾಥಮಿಕ ಶಾಲೆಯ ಊಟ ಇಂದಿಗೂ ಅಲ್ಲಿ ಪೌರಸಭೆಯ ಕೆಲಸ. ಆ ಮಾತನ್ನು ಆಡಿ ಮಾಡಿ ತೋರಿಸಿದವರಲ್ಲಿ ಮೊದಲ ಸಾಲಿನವರು ಒಂದು ಗಿರಣಿಯ ಊರಿನ ನೇಕಾರರು ಎಂಬುದನ್ನು ನೆನೆದು, ಇಷ್ಟಕ್ಕೆ ನಮ್ಮ ಮಾತು ಮುಗಿಸುತ್ತೇವೆ.